ಅಂತ್ಯ ಗೊತ್ತಿದ್ದೂ ಕಾದವರು

2002ರ ಫೆಬ್ರವರಿ. ನ್ಯೂಜಿಲೆಂಡಿನ ರಾಜಧಾನಿ ವೆಲ್ಲಿಂಗ್ಟನ್ನಿನ ವೆಸ್ಟ್‌ಪ್ಯಾಕ್ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ವಿರುದ್ಧ ಏಕದಿನ ಪಂದ್ಯ ನಡೆಯುತ್ತಿತ್ತು. ಒಂದು ಇನಿಂಗ್ಸ್ ಮುಗಿದು ಆಟಗಾರರು ಒಳಗೆ ಹೋದರು. ಆಗ ಕೆದರಿದ ಕೂದಲಿನ, ಗಡ್ಡದ ಮನುಷ್ಯನೊಬ್ಬ ಮೈಕು ಹಿಡಿದು ಜನರನ್ನು ಮಾತಾಡಿಸತೊಡಗಿದ. ಸ್ಕೋರು ತೋರಿಸುವ ದೊಡ್ಡ ಪರದೆಯ ಮೇಲೆ ಯಾರಿಗೂ ಅರ್ಥವಾಗದ ಒಂದು ಭಾಷೆಯ ಪದಗಳು ಮೂಡಿದವು. ಅವನ್ನು ಎಲ್ಲರೂ ಒಟ್ಟಿಗೆ ಅಬ್ಬರಿಸಿ ಕೂಗಬೇಕು, ಎದೆ ಬಡಿದುಕೊಳ್ಳಬೇಕು, ಕಾಲು ಅಪ್ಪಳಿಸಬೇಕು. ಗ್ಯಾಲರಿಯಲ್ಲಿದ್ದ ಸುಮಾರು 25,000 ಜನ ಮನಸಾರೆ ಕೂಗಿದರು. ಮೈಕು ಹಿಡಿದಿದ್ದವನು ನಿರ್ದೇಶಕ ಪೀಟರ್ ಜಾಕ್ಸನ್. ಅದೇ ವರ್ಷದ ಡಿಸೆಂಬರಿನಲ್ಲಿ ಅವರ ‘ಲಾರ್ಡ್ ಆಫ್ ದಿ ರಿಂಗ್ಸ್’ ಸರಣಿಯ ಎರಡನೆಯ ಚಿತ್ರ ‘ದಿ ಟೂ ಟವರ್ಸ್’ ತೆರೆಗೆ ಬಂತು. ಹೆಲ್ಮ್ಸ್ ಡೀಪ್ ಕೋಟೆಯ ಮುಂದೆ, ರಾತ್ರಿಯ ಮಳೆಯಲ್ಲಿ, ಸಾವಿರ ಸಾವಿರ ಉರುಕ್-ಹೈ ಸೈನಿಕರು ಭರ್ಜಿ ಕುಟ್ಟುತ್ತ ಘರ್ಜಿಸುವ ದೃಶ್ಯವಿದೆಯಲ್ಲ, ಆ ಘರ್ಜನೆಯಲ್ಲಿ ಕ್ರಿಕೆಟ್ ನೋಡಲು ಬಂದವರ ಗಂಟಲು ಸೇರಿಕೊಂಡಿತ್ತು.

ಮುಂದಿನ ಭಾಗಕ್ಕಾಗಿ ಕಾಯುವ ಅಭಿಮಾನಿಗಳು ನಮಗೆ ಹೊಸಬರಲ್ಲ. ಕಟೌಟು, ಹಾಲಿನ ಅಭಿಷೇಕ, ನಸುಕಿನ ಶೋ ಎಲ್ಲವನ್ನೂ ಕಂಡವರು ನಾವು. ಆದರೂ ‘ಲಾರ್ಡ್ ಆಫ್ ದಿ ರಿಂಗ್ಸ್’ ಸರಣಿಗೆ ಕಾದವರನ್ನು ನಾನು ಬೇರೆಯಾಗಿಯೇ ನೋಡುತ್ತೇನೆ. ಅವರಲ್ಲಿ ಬಹುಪಾಲು ಜನರಿಗೆ ಕಥೆ ಮೊದಲಿನಿಂದ ಕೊನೆಯವರೆಗೆ ಬಾಯಿಪಾಠವಾಗಿತ್ತು. ಉಂಗುರ ಎಲ್ಲಿ ನಾಶವಾಗುತ್ತದೆ, ಯಾರ ಕೈಯಿಂದ, ಆಮೇಲೆ ಅದನ್ನು ಹೊತ್ತ ನಾಯಕ ಫ್ರೋಡೊ ಏನಾಗುತ್ತಾನೆ ಎಂಬುದು ಅರ್ಧ ಶತಮಾನದ ಹಿಂದೆಯೇ ಅಚ್ಚಾಗಿದ್ದ ಸಂಗತಿ. ಅವರ ಕುತೂಹಲವೆಲ್ಲ ಅದನ್ನು ಹೇಗೆ ತೋರಿಸುತ್ತಾರೆ ಎಂಬುದರಲ್ಲಿತ್ತು. ಯಕ್ಷಗಾನದಲ್ಲಿ ಕರ್ಣಪರ್ವ ನೋಡಲು ರಾತ್ರಿಯಿಡೀ ಬಯಲಲ್ಲಿ ಕೂರುವವನಿಗೆ ಕರ್ಣ ಬದುಕುವುದಿಲ್ಲ ಎಂಬುದು ಗೊತ್ತಿಲ್ಲವೇ? ಇವತ್ತಿನ ಕರ್ಣ ಹೇಗೆ ಮಾತಾಡುತ್ತಾನೆ ಎಂದು ನೋಡುವುದಕ್ಕೇ ಅವನು ನಿದ್ದೆಗೆಟ್ಟು ಕೂರುತ್ತಾನೆ. ಹಾಗೆ ಕಾಯುವವನಿಗೆ ಕಥೆಯ ಮೇಲೆ ಒಂದು ಹಕ್ಕು ಬರುತ್ತದೆ. ಈ ಸರಣಿಯ ವಿಶೇಷವೆಂದರೆ, ಸಿನಿಮಾ ಮಾಡುವವರು ಆ ಹಕ್ಕನ್ನು ಒಪ್ಪಿಕೊಂಡರು. ಕಾಯುತ್ತಿದ್ದವರು ದನಿಯಾಗಿ, ಹೆಸರಾಗಿ, ಒಂದು ಪಾತ್ರಕ್ಕೆ ಮಾತು ಕೊಡಿಸಿದವರಾಗಿ ಚಿತ್ರದೊಳಗೇ ಬಂದು ಸೇರಿದರು.

ಒಬ್ಬರಿಗೂ ಕಥೆ ಗೊತ್ತಿಲ್ಲದೆ ಕಾದದ್ದು ಅಂದರೆ ಟೋಲ್ಕಿನ್ನರ ಮೊದಲ ಓದುಗರ ಕಾಲದಲ್ಲಿ ಮಾತ್ರ. ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಜೆ.ಆರ್.ಆರ್. ಟೋಲ್ಕಿನ್ ಇದನ್ನು ಬರೆದದ್ದು ಒಂದೇ ದೊಡ್ಡ ಕಾದಂಬರಿಯಾಗಿ. ಯುದ್ಧಾನಂತರದ ಇಂಗ್ಲೆಂಡಿನಲ್ಲಿ ಕಾಗದ ದುಬಾರಿ, ಇಂಥ ಪುಸ್ತಕ ಮಾರಾಟವಾಗುವ ಭರವಸೆಯೂ ಪ್ರಕಾಶಕರಿಗಿರಲಿಲ್ಲ. ಹಾಗಾಗಿ ಅದನ್ನು ಮೂರು ಸಂಪುಟ ಮಾಡಿದರು. 1954ರ ಜುಲೈ 29ರಂದು ಮೊದಲನೆಯದು ಬಂದಾಗ ಬ್ರಿಟನ್ನಿನಲ್ಲಿ ಅಚ್ಚು ಹಾಕಿಸಿದ್ದು 3,000 ಪ್ರತಿ ಅಷ್ಟೆ. ಎರಡನೆಯದು ಅದೇ ನವೆಂಬರಿನಲ್ಲಿ ಬಂತು. ಆ ಸಂಪುಟದ ಕೊನೆಯ ಪುಟಗಳಲ್ಲಿ, ಜೇಡರೂಪದ ರಕ್ಕಸಿ ಶೀಲಾಬ್ ಕುಟುಕಿದ ಫ್ರೋಡೊ ಸತ್ತನೆಂದು ನಂಬಿದ ಅವನ ಸಂಗಾತಿ ಸ್ಯಾಮ್ ಉಂಗುರವನ್ನು ತಾನೇ ಎತ್ತಿಕೊಂಡು ಹೊರಡುತ್ತಾನೆ. ಅಷ್ಟರಲ್ಲಿ ಓರ್ಕ್‌ಗಳು ಬಂದು ಫ್ರೋಡೊನನ್ನು ಹೊತ್ತೊಯ್ಯುತ್ತವೆ. ಅವನು ಸತ್ತಿಲ್ಲ ಎಂಬುದು ಸ್ಯಾಮ್‌ಗೆ ಗೊತ್ತಾಗುವುದು ಅವುಗಳ ಹರಟೆಯಿಂದಲೇ. ಓಡಿಹೋಗುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಸಂಪುಟ ಅಲ್ಲಿಗೆ ಮುಗಿಯುತ್ತದೆ.

ಆ ಬಾಗಿಲು ತೆರೆದದ್ದು 1955ರ ಅಕ್ಟೋಬರ್ 20ಕ್ಕೆ. ಹೆಚ್ಚುಕಡಿಮೆ 11 ತಿಂಗಳು ಓದುಗರು ಸ್ಯಾಮ್‌ನ ಜೊತೆ ಹೊರಗೇ ನಿಂತಿದ್ದರು. ತಡವಾದದ್ದು ಕಥೆ ಮುಗಿಯದೆ ಅಲ್ಲ, ಅನುಬಂಧಗಳಿಂದ. ರಾಜವಂಶಾವಳಿ, ಕಾಲಾನುಕ್ರಮಣಿಕೆ, ಲಿಪಿಗಳ ವಿವರಣೆಯನ್ನು ಟೋಲ್ಕಿನ್ ತಿದ್ದುತ್ತಲೇ ಇದ್ದರು. ಮೂರನೆಯ ಸಂಪುಟದ ಮೊದಲ ಮುದ್ರಣ 7,000 ಪ್ರತಿಗೆ ಏರಿತ್ತು. ಕಾದವರ ಲೆಕ್ಕ ಪ್ರಕಾಶಕರಿಗೆ ಸಿಕ್ಕಿತ್ತು ಎಂದೇ ನಾನು ಓದಿಕೊಳ್ಳುತ್ತೇನೆ.

ಮುಂದಿನ ತಲೆಮಾರಿನದು ಇನ್ನೊಂದು ಬಗೆಯ ಸಂಕಟ. 1978ರಲ್ಲಿ ರಾಲ್ಫ್ ಬಾಕ್ಷಿ ಈ ಕಥೆಯನ್ನು ಅನಿಮೇಷನ್ ಚಿತ್ರ ಮಾಡಿದರು. ಹೆಲ್ಮ್ಸ್ ಡೀಪ್ ಯುದ್ಧದವರೆಗೆ ಬಂದು ಚಿತ್ರ ನಿಂತುಬಿಡುತ್ತದೆ. ಇದು ಮೊದಲ ಭಾಗ ಎಂದು ಹೆಸರಿನಲ್ಲಿ ಹೇಳಿಕೊಳ್ಳಲು ವಿತರಕರು ಒಪ್ಪಲಿಲ್ಲ. ಅರ್ಧ ಕಥೆಗೆ ಯಾರು ದುಡ್ಡು ಕೊಡುತ್ತಾರೆ ಎಂಬ ಭಯ. ಪೂರ್ತಿ ಕಥೆಯೆಂದು ನಂಬಿ ಬಂದವರು ಕಕ್ಕಾಬಿಕ್ಕಿಯಾಗಿ ಎದ್ದುಹೋದರು. ಎರಡನೆಯ ಭಾಗ ಬರಲೇ ಇಲ್ಲ. ಆ ಚಿತ್ರ ನೋಡಿದವರಲ್ಲಿ ನ್ಯೂಜಿಲೆಂಡಿನ ಒಬ್ಬ ಹುಡುಗನೂ ಇದ್ದ. ಪತ್ರಿಕೆಯೊಂದರ ಬ್ಲಾಕ್ ತಯಾರಿಸುವ ವಿಭಾಗದಲ್ಲಿ ಕೆಲಸ ಕಲಿಯುತ್ತಿದ್ದವನು. ಚಿತ್ರದಲ್ಲಿ ಅರ್ಥವಾಗದೆ ಉಳಿದದ್ದನ್ನು ತಿಳಿಯಲು ಪುಸ್ತಕ ಕೊಂಡು, ವೆಲ್ಲಿಂಗ್ಟನ್ನಿನಿಂದ ಆಕ್ಲೆಂಡಿಗೆ ಹೋಗುವ ಹನ್ನೆರಡು ಗಂಟೆಯ ರೈಲು ಪಯಣದಲ್ಲಿ ಓದತೊಡಗಿದ. ಕ್ರಿಕೆಟ್ ಮೈದಾನದಲ್ಲಿ ಮೈಕು ಹಿಡಿದವನು ಅವನೇ. ಬಾರದ ಎರಡನೆಯ ಭಾಗಕ್ಕೆ ಕಾದ ಪ್ರೇಕ್ಷಕನೇ ಮುಂದೆ ನಿರ್ದೇಶಕನಾದ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಹಲವು ಸಂಗತಿಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

1998ರ ಆಗಸ್ಟಿನಲ್ಲಿ ನ್ಯೂ ಲೈನ್ ಸಂಸ್ಥೆ ಮೂರು ಚಿತ್ರಗಳನ್ನು ಒಟ್ಟಿಗೇ ತೆಗೆಯುವುದಾಗಿ ಘೋಷಿಸಿದಾಗ ಪುಸ್ತಕದ ಭಕ್ತರಿಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಗಿತ್ತು. ಜಾಕ್ಸನ್ ಅಲ್ಲಿಯವರೆಗೆ ಮಾಡಿದ್ದು ಹೆಚ್ಚಾಗಿ ರಕ್ತ ಚಿಮ್ಮುವ ಕಡಿಮೆ ಬಜೆಟ್ಟಿನ ಚಿತ್ರಗಳು ಮತ್ತು ‘ಹೆವನ್ಲಿ ಕ್ರೀಚರ್ಸ್’ ಎಂಬ ಒಂದು ಸೊಗಸಾದ ಸಿನಿಮಾ. ಇವನ ಕೈಗೆ ಟೋಲ್ಕಿನ್ನೇ? ಚಿತ್ರೀಕರಣ 1999ರ ಅಕ್ಟೋಬರಿನಲ್ಲಿ ಶುರುವಾಗಿ 2000ದ ಡಿಸೆಂಬರಿನವರೆಗೆ ನಡೆಯಿತು. ಆ ಹದಿನಾಲ್ಕು ತಿಂಗಳು ಅಭಿಮಾನಿಗಳು ಗೂಢಚಾರರಾಗಿಬಿಟ್ಟರು. ಬೇಲಿಯಾಚೆಯಿಂದ ಫೋಟೊ ತೆಗೆದರು, ಯಾವ ಗುಡ್ಡದ ಮೇಲೆ ಯಾವ ಸೆಟ್ಟು ಏಳುತ್ತಿದೆ ಎಂದು ಲೆಕ್ಕ ಹಾಕಿದರು. ಹೀಗೆ ಸುತ್ತುತ್ತಿದ್ದ ಆಕ್ಲೆಂಡಿನ ಅಭಿಮಾನಿ ಮಹಿಳೆಯೊಬ್ಬರಿಗೆ ಅತಿಕ್ರಮ ಪ್ರವೇಶ ಮಾಡಬಾರದೆಂಬ ನೋಟಿಸು ಕೈಗೆ ಬಂತು. ಕೆಲವು ಕಾಲದ ನಂತರ ಜಾಕ್ಸನ್ ಅದೇ ಮಹಿಳೆಯನ್ನು ಸೆಟ್ಟಿಗೆ ಕರೆಸಿ ಎಲ್ಲವನ್ನೂ ತೋರಿಸಿದರು. ನೋಟಿಸು ಕೊಟ್ಟ ಕೈಯಿಂದಲೇ ಆಹ್ವಾನವೂ ಬಂದದ್ದು ಸಣ್ಣ ಮಾತಲ್ಲ. ಈ ಜನ ಚಿತ್ರವನ್ನು ಹಾಳುಮಾಡಲು ಬಂದವರಲ್ಲ, ಹಾಳಾದೀತೆಂದು ಹೆದರಿದವರು ಎಂಬುದು ಅವರಿಗೆ ಅರ್ಥವಾಗಿತ್ತು. ಗ್ಯಾಂಡಾಲ್ಫ್ ಪಾತ್ರಧಾರಿ ಇಯಾನ್ ಮೆಕೆಲನ್ ಕೂಡ ಚಿತ್ರೀಕರಣದುದ್ದಕ್ಕೂ ಅಭಿಮಾನಿಗಳಿಗಾಗಿ ದಿನಚರಿ ಬರೆದರು. ಗಡ್ಡ ಎಷ್ಟುದ್ದವಿರಬೇಕು ಎಂಬಂಥ ಪ್ರಶ್ನೆಗಳನ್ನೂ ಗಂಭೀರವಾಗಿ ತೆಗೆದುಕೊಂಡರು.

2000ದ ಏಪ್ರಿಲ್ 7ರಂದು ಚಿತ್ರದ ಮೊದಲ ಚೂರು ಅಂತರ್ಜಾಲಕ್ಕೆ ಬಂತು. ಫೋನ್ ತಂತಿಯ ಮೂಲಕ ಕುಂಟುತ್ತ ಇಳಿಯುವ ಕಾಲದ ಇಂಟರ್‌ನೆಟ್ಟಿನಲ್ಲಿ ಮೊದಲ 24 ಗಂಟೆಯೊಳಗೆ ಸುಮಾರು 17 ಲಕ್ಷ ಸಲ ಅದನ್ನು ಇಳಿಸಿಕೊಂಡರು. ಅಷ್ಟರಲ್ಲಿ ಒಂದು ಜಗಳವೂ ಹುಟ್ಟಿಕೊಂಡಿತ್ತು. ಎಲ್ಫ್ ರಾಜಕುಮಾರಿ ಆರ್ವೆನ್ ಹೆಲ್ಮ್ಸ್ ಡೀಪ್ ಯುದ್ಧದಲ್ಲಿ ಕತ್ತಿ ಹಿಡಿದು ಹೋರಾಡುತ್ತಾಳಂತೆ ಎಂಬ ಸುದ್ದಿ. ಪುಸ್ತಕದಲ್ಲಿ ಅವಳು ಆ ಹೊತ್ತಿಗೆ ಅಲ್ಲಿಂದ ನೂರಾರು ಮೈಲಿ ದೂರದ ರಿವೆಂಡೆಲ್‌ನಲ್ಲಿರುತ್ತಾಳೆ. ಸುದ್ದಿ ನಿಜವಾಗಿತ್ತು. ಲಿವ್ ಟೈಲರ್ ಕತ್ತಿವರಸೆ ಕಲಿತಿದ್ದರು, ಒಂದಿಷ್ಟು ಚಿತ್ರೀಕರಣವೂ ಆಗಿತ್ತು. ಅಭಿಮಾನಿಗಳು ಸಿಡಿದೆದ್ದರು. ಚಿತ್ರಕಥೆ ಬರೆಯುತ್ತಿದ್ದ ಫ್ರಾನ್ ವಾಲ್ಶ್, ಫಿಲಿಪಾ ಬೋಯೆನ್ಸ್ ಮತ್ತು ಜಾಕ್ಸನ್ ಮರುಚಿಂತನೆ ಮಾಡಿದರು, ಆರ್ವೆನ್ ಯುದ್ಧದಿಂದ ಹೊರಬಂದಳು. ಅಭಿಮಾನಿಗಳ ಕೂಗಿಗೆ ಮಣಿದದ್ದೇ ಪೂರ್ತಿ ಕಾರಣವೆಂದು ನಾನು ಹೇಳಲಾರೆ, ಬರಹಗಾರರಿಗೂ ಅದು ಕೂಡಿಬರುತ್ತಿಲ್ಲ ಎನ್ನಿಸಿತ್ತು. ಆದರೆ ಆ ಕೂಗು ನ್ಯಾಯವಾಗಿತ್ತು. ಆರ್ವೆನ್ನಳ ಶಕ್ತಿ ಇರುವುದು ಸಾವಿಲ್ಲದ ಬಾಳನ್ನು ಬಿಟ್ಟು ಸಾವನ್ನು ಆರಿಸಿಕೊಳ್ಳುವುದರಲ್ಲಿ. ಕತ್ತಿ ಕೊಟ್ಟಿದ್ದರೆ ಆ ಶಕ್ತಿ ಕುಗ್ಗುತ್ತಿತ್ತು.

ಆಮೇಲೆ ಬಂದದ್ದು ಮೂರು ಡಿಸೆಂಬರ್‌ಗಳು: 2001, 2002, 2003. ಮೂರೂ ಚಿತ್ರಗಳ ಮುಖ್ಯ ಚಿತ್ರೀಕರಣ ಮೊದಲೇ ಮುಗಿದಿದ್ದರಿಂದ ಮುಂದಿನದು ಬರುತ್ತದೋ ಇಲ್ಲವೋ ಎಂಬ ಆತಂಕವಿರಲಿಲ್ಲ. ಬಾಕ್ಷಿ ಚಿತ್ರದ ಪ್ರೇಕ್ಷಕರಿಗೆ ಸಿಗದ ನೆಮ್ಮದಿ ಇವರಿಗೆ ಸಿಕ್ಕಿತ್ತು. ಮೊದಲ ಚಿತ್ರದಲ್ಲಿ ಗ್ಯಾಂಡಾಲ್ಫ್ ಮೋರಿಯಾದ ಪಾತಾಳಕ್ಕೆ ಬಿದ್ದಾಗ ಪುಸ್ತಕ ಓದದವರು ಕಣ್ಣೀರು ಹಾಕಿದರು. ಅವನು ಮರಳುವುದು ಗೊತ್ತಿದ್ದ, ಪಕ್ಕದಲ್ಲಿ ಕೂತ ಓದಿದವರು ಒಂದಿಡೀ ವರ್ಷ ಬಾಯಿ ಬಿಗಿಹಿಡಿದರು. 2002ರ ಮಾರ್ಚ್ ಕೊನೆಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಇನ್ನೂ ಓಡುತ್ತಿದ್ದ ಮೊದಲ ಚಿತ್ರದ ಕೊನೆಗೆ ಎರಡನೆಯದರ ಕೆಲವು ನಿಮಿಷಗಳ ಮುನ್ನೋಟವನ್ನು ಅಂಟಿಸಿದರು. ಅದಕ್ಕಾಗಿಯೇ ಜನ ಮತ್ತೆ ಟಿಕೆಟ್ ಕೊಂಡು, ಮೂರು ಗಂಟೆಯ ಸಿನಿಮಾ ಇನ್ನೊಮ್ಮೆ ನೋಡಿದರು.

ಈ ನಡುವೆ ನಡೆದ ಒಂದು ಪುಟ್ಟ ಘಟನೆ ನನಗೆ ಎಲ್ಲಕ್ಕಿಂತ ಪ್ರಿಯ. ಮೊದಲ ಚಿತ್ರದಲ್ಲಿ ಎಲ್ಫ್ ನಾಯಕ ಎಲ್ರಾಂಡ್‌ನ ಸಭೆ ನಡೆಯುವಾಗ ಫ್ರೋಡೊ ಎದ್ದು, ಉಂಗುರವನ್ನು ತಾನು ಒಯ್ಯುತ್ತೇನೆ ಎನ್ನುತ್ತಾನೆ. ಆ ಹೊತ್ತಿನಲ್ಲಿ ಕ್ಯಾಮೆರಾ ಕೆಲವೇ ಕ್ಷಣ ಒಬ್ಬ ಎಲ್ಫ್ ಮೇಲೆ ಹಾಯುತ್ತದೆ. ಕಪ್ಪು ಕೂದಲು, ಚೂಪು ಮುಖ, ಮಾತಿಲ್ಲ. ಫ್ರೋಡೊನನ್ನು ಮೆಚ್ಚುತ್ತಿದ್ದ ಅಭಿಮಾನಿಗಳ ಕಣ್ಣು ಥಟ್ಟನೆ ಇವನ ಮೇಲೆ ಬಿತ್ತು. ಯಾರಿವನು ಎಂದು ಕೇಳಿದ ಪ್ರಶ್ನೆಯ ಮೊದಲಕ್ಷರಗಳನ್ನೇ ಜೋಡಿಸಿ ಅವನಿಗೆ ‘ಫಿಗ್‌ವಿಟ್’ ಎಂದು ನಾಮಕರಣ ಮಾಡಿದರು. ಹೆಸರೇ ಇಲ್ಲದ ಸಹನಟನಿಗೆ ಅಭಿಮಾನಿ ಬಳಗ ಹುಟ್ಟಿಕೊಂಡಿತು, ಅವನ ಬಗ್ಗೆ ಕಥೆಗಳನ್ನು ಬರೆದರು. ಆ ನಟ ವೆಲ್ಲಿಂಗ್ಟನ್ನಿನ ಸಂಗೀತಗಾರ ಬ್ರೆಟ್ ಮೆಕೆಂಝಿ. ಸುದ್ದಿ ಜಾಕ್ಸನ್‌ಗೆ ಮುಟ್ಟಿತು. ಮೂರನೆಯ ಚಿತ್ರದಲ್ಲಿ ಆರ್ವೆನ್ ಕುದುರೆ ನಿಲ್ಲಿಸಿ ಹಿಂದಿರುಗಲು ಹೊರಟಾಗ ಅವಳನ್ನು ತಡೆದು ಮಾತಾಡುವ ಎಲ್ಫ್ ಅವನೇ. ಅಭಿಮಾನಿಗಳಿಗಾಗಿಯೇ ಅವನಿಗೆ ಮಾತು ಕೊಟ್ಟರು. ತೆರೆಯ ಮೇಲೆ ಕೆಲವು ಸೆಕೆಂಡಿನ ವಿಷಯ. ಆದರೆ ಚಿತ್ರಮಂದಿರದ ಕತ್ತಲಲ್ಲಿ ಆ ಸೆಕೆಂಡುಗಳನ್ನು ಗುರುತಿಸಿದವರಿಗೆ ಆದ ಪುಳಕವನ್ನು ಊಹಿಸಿದರೇ ನನಗೆ ಖುಷಿಯಾಗುತ್ತದೆ. ಮೆಕೆಂಝಿ ಮುಂದೆ 2012ರಲ್ಲಿ ಬೇರೊಂದು ಚಿತ್ರದ ಹಾಡಿಗೆ ಆಸ್ಕರ್ ಪಡೆದರು.

ಇನ್ನೊಂದು ಉಡುಗೊರೆ ಡಿವಿಡಿಗಳಲ್ಲಿತ್ತು. 2002ರ ನವೆಂಬರಿನಲ್ಲಿ ಮೊದಲ ಚಿತ್ರದ ವಿಸ್ತೃತ ಆವೃತ್ತಿ ಬಂತು. ಅರ್ಧ ಗಂಟೆಯ ಹೊಸ ದೃಶ್ಯಗಳು ಅದರಲ್ಲಿದ್ದವು. ಚಿತ್ರ ಮುಗಿದ ಮೇಲೆ ತಂತ್ರಜ್ಞರ ಹೆಸರುಗಳ ಪಟ್ಟಿ ಏರತೊಡಗುತ್ತದೆ, ಅದು ಮುಗಿದರೂ ಹೆಸರುಗಳು ನಿಲ್ಲುವುದಿಲ್ಲ. ಚಿತ್ರದ ಅಧಿಕೃತ ಅಭಿಮಾನಿ ಸಂಘಕ್ಕೆ ಮೊದಮೊದಲು ಸೇರಿದ ಸದಸ್ಯರ ಹೆಸರುಗಳವು, ಸುಮಾರು 20 ನಿಮಿಷ ಸಾಲುಸಾಲಾಗಿ ಮೇಲಕ್ಕೇರುತ್ತವೆ. ಹಿಂದೆ ಹೊವರ್ಡ್ ಶೋರ್ ಅವರ ಸಂಗೀತ. ಬೆಳಕು ಹಿಡಿದವರ, ಕುದುರೆ ನೋಡಿಕೊಂಡವರ, ರಬ್ಬರಿನ ಕಿವಿ ಅಂಟಿಸಿದವರ ಹೆಸರುಗಳ ಬೆನ್ನಿಗೇ ಸುಮ್ಮನೆ ಕಾದವರ ಹೆಸರುಗಳು. ನಾನು ಆ ಪಟ್ಟಿಯನ್ನು ಓಡಿಸದೆ ಪೂರ್ತಿ ನೋಡಿದ್ದೇನೆ. ಯಾವುದೋ ಊರಿನಲ್ಲಿ ಯಾರೋ ಒಬ್ಬರು ತಮ್ಮ ಹೆಸರು ಬರುವ ಸಾಲಿಗಾಗಿ ರಿಮೋಟು ಹಿಡಿದು ಕೂತಿರುತ್ತಾರೆ, ಅದು ಬಂದಾಗ ಮನೆಮಂದಿಯನ್ನೆಲ್ಲ ಕೂಗಿ ಕರೆಯುತ್ತಾರೆ ಎಂದುಕೊಂಡರೆ ಆ 20 ನಿಮಿಷ ಬೇಸರವಾಗುವುದಿಲ್ಲ.

2003ರ ಡಿಸೆಂಬರ್ 1ರಂದು ‘ದಿ ರಿಟರ್ನ್ ಆಫ್ ದಿ ಕಿಂಗ್’ ಚಿತ್ರದ ಜಾಗತಿಕ ಮೊದಲ ಪ್ರದರ್ಶನ ನಡೆದದ್ದು ವೆಲ್ಲಿಂಗ್ಟನ್ನಿನ ಎಂಬಸಿ ಚಿತ್ರಮಂದಿರದಲ್ಲಿ. ಅದಕ್ಕಾಗಿ ಆ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿಸಿದ್ದರು, ಚಾವಣಿಯ ಮೇಲೆ ರೆಕ್ಕೆ ಬಿಚ್ಚಿದ ಮೃಗದ ಮೇಲೆ ಕೂತ ನಾಜ್‌ಗೂಲ್ ಎಂಬ ದುಷ್ಟ ಸವಾರನ ದೈತ್ಯ ಪ್ರತಿಮೆ ನಿಲ್ಲಿಸಿದ್ದರು. ಎರಡು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಆ ನಗರದ ಬೀದಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಒಳಗೆ ಸೀಟು ಸಿಕ್ಕಿದ್ದು ಕೆಲವು ನೂರು ಮಂದಿಗೆ. ಉಳಿದವರು ಬಂದದ್ದು ನಟರ ಮೆರವಣಿಗೆ ನೋಡಲು, ತಮ್ಮ ಊರು ಮಾಡಿದ್ದನ್ನು ಕಣ್ತುಂಬಿಕೊಳ್ಳಲು. ಅದೇ ತಿಂಗಳ 16ರಂದು ಅಮೆರಿಕ ಮತ್ತು ಕೆನಡಾದ ಆಯ್ದ ಚಿತ್ರಮಂದಿರಗಳಲ್ಲಿ ಮೊದಲ ಎರಡು ಚಿತ್ರಗಳ ವಿಸ್ತೃತ ಆವೃತ್ತಿ ತೋರಿಸಿ, ರಾತ್ರಿ ಮೂರನೆಯದನ್ನು ಹಾಕಿದರು. ಹತ್ತು ಗಂಟೆಗೂ ಮಿಕ್ಕಿದ ಸಿನಿಮಾ. ಟಿಕೆಟ್‌ಗಳು ಬಿಸಿದೋಸೆಯಂತೆ ಖರ್ಚಾದವು. 2004ರ ಫೆಬ್ರವರಿ 29ರ ರಾತ್ರಿ ಆ ಚಿತ್ರ 11 ಆಸ್ಕರ್ ಗೆದ್ದಾಗ ಜಾಕ್ಸನ್ ಪ್ರತಿಮೆ ಹಿಡಿದುಕೊಂಡು, ಹಾಲಿವುಡ್‌ನಲ್ಲಿ ಅಭಿಮಾನಿಗಳೇ ಏರ್ಪಡಿಸಿದ್ದ ಪಾರ್ಟಿಗೂ ಹೋಗಿ ಬಂದರು.

‘ಹಾಬಿಟ್’ ಚಿತ್ರಗಳ ಬಗ್ಗೆ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ. ಒಂಬತ್ತು ವರ್ಷ ಕಾದ ಮೇಲೆ 2012ರಲ್ಲಿ ಅವು ಶುರುವಾದವು. ಮೊದಲು ಗೊತ್ತಾಗಿದ್ದ ನಿರ್ದೇಶಕ ಗಿಯೆರ್ಮೊ ಡೆಲ್ ತೋರೊ 2010ರಲ್ಲಿ ಬಿಟ್ಟುಹೋದರು, ಜಾಕ್ಸನ್ ಅವಸರದಲ್ಲಿ ಹೊಣೆ ಹೊತ್ತರು. ಎರಡು ಚಿತ್ರವೆಂದಿದ್ದದ್ದು ಬಿಡುಗಡೆಗೆ ಕೆಲವೇ ತಿಂಗಳಿರುವಾಗ ಮೂರಾಯಿತು. ಟೋಲ್ಕಿನ್ ಮಕ್ಕಳಿಗೆ ಬರೆದ ಮುನ್ನೂರು ಪುಟದ ಚುರುಕು ಕಥೆಯನ್ನು ಹಿಗ್ಗಿಸಿ ಹಿಗ್ಗಿಸಿ ಎಂಟು ಗಂಟೆ ಮಾಡಿದರು. ದುಡ್ಡು ಬಂತು. ಕಾದವರ ಮುಖ ಮಾತ್ರ ಅರಳಲಿಲ್ಲ.

ಅಭಿಮಾನಿಗಳ ಪ್ರೀತಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಆ ಖಾಲಿ ವರ್ಷಗಳಲ್ಲೇ ಒಂದು ಉದಾಹರಣೆಯಿದೆ. 2009ರಲ್ಲಿ ಬ್ರಿಟನ್ನಿನ ಕ್ರಿಸ್ ಬೂಷಾರ್ಡ್ ಎಂಬ ಯುವಕ ಸ್ನೇಹಿತರು, ಉತ್ಸಾಹಿಗಳನ್ನು ಸೇರಿಸಿಕೊಂಡು ಸುಮಾರು 40 ನಿಮಿಷದ ಚಿತ್ರವೊಂದನ್ನು ಮಾಡಿದರು. ಖರ್ಚು ಸುಮಾರು 3,000 ಪೌಂಡು. ವೇಲ್ಸಿನ ಬೆಟ್ಟಗಳು, ಲಂಡನ್ ಅಂಚಿನ ಎಪ್ಪಿಂಗ್ ಕಾಡು ಅವರ ಪಾಲಿಗೆ ಟೋಲ್ಕಿನ್ನರ ಕಥಾಲೋಕವಾದ ಮಧ್ಯಭೂಮಿಯಾದವು. ಯಾರೂ ಸಂಬಳ ಪಡೆಯಲಿಲ್ಲ, ಚಿತ್ರದಿಂದ ಹಣ ಮಾಡಲೂ ಇಲ್ಲ. ಉಚಿತವಾಗಿ ಬಿಟ್ಟ ಅದನ್ನು ಜನ ಒಂದು ಕೋಟಿಗೂ ಹೆಚ್ಚು ಸಲ ನೋಡಿದರು. ಚಿತ್ರದ ಹೆಸರು ‘ದಿ ಹಂಟ್ ಫಾರ್ ಗೊಲ್ಲಮ್’. 2024ರ ಮೇ ತಿಂಗಳಲ್ಲಿ ವಾರ್ನರ್ ಬ್ರದರ್ಸ್ ತನ್ನ ಹೊಸ ಚಿತ್ರವನ್ನು ಘೋಷಿಸಿದಾಗ ಅದೇ ಹೆಸರು, ಅದೇ ಕಥಾವಸ್ತು. ಘೋಷಣೆಯ ಬೆನ್ನಲ್ಲೇ ಕೃತಿಸ್ವಾಮ್ಯದ ದೂರಿನಿಂದ ಹಳೆಯ ಚಿತ್ರ ಯೂಟ್ಯೂಬಿನಿಂದ ಕಾಣೆಯಾಯಿತು. ಅಭಿಮಾನಿಗಳು ಕೆರಳಿದರು. ಒಂದೆರಡು ದಿನದಲ್ಲಿ ಅದನ್ನು ಮತ್ತೆ ತಂದಿಟ್ಟರು. ದೊಡ್ಡ ಸ್ಟುಡಿಯೊ ಮರೆತ ಕಥೆಯನ್ನು ಹದಿನೈದು ವರ್ಷ ಜೀವಂತ ಇಟ್ಟವರು ಇವರು. ಹೊಸ ಚಿತ್ರದ ಕೊನೆಯ ಪಟ್ಟಿಯಲ್ಲಿ ಇವರಿಗೊಂದು ಸಾಲು ಸಲ್ಲಬೇಕೆಂದು ನನ್ನ ಗಟ್ಟಿ ಅಭಿಪ್ರಾಯ.

ಹೊಸ ಚಿತ್ರದ ನಿರ್ದೇಶಕ ಆ್ಯಂಡಿ ಸರ್ಕಿಸ್. ಗೊಲ್ಲಮ್‌ಗೆ ದನಿ ಮತ್ತು ದೇಹ ಎರಡನ್ನೂ ಕೊಟ್ಟ ನಟ, ಈ ಸಲವೂ ಆ ಪಾತ್ರ ಅವರದೇ. ಜಾಕ್ಸನ್, ವಾಲ್ಶ್, ಬೋಯೆನ್ಸ್ ನಿರ್ಮಾಪಕರು. ಮೊದಲು 2026 ಎಂದಿದ್ದ ಬಿಡುಗಡೆಯನ್ನು 2027ರ ಡಿಸೆಂಬರ್ 17ಕ್ಕೆ ಹಾಕಿದರು. ಉಂಗುರದ ಹುಚ್ಚು ಹಿಡಿದ ಗೊಲ್ಲಮ್‌ನ ಬೇಟೆಯೆಂಬ ಇಷ್ಟು ತೆಳುವಾದ ಎಳೆಯಲ್ಲಿ ಒಂದಿಡೀ ಸಿನಿಮಾ ಇದೆಯೇ ಎಂಬ ಅನುಮಾನ ಹಲವರದು. ‘ಹಾಬಿಟ್’ ಹಿಗ್ಗಿದ್ದನ್ನು ಕಂಡವರ ಅನುಮಾನ, ತಳ್ಳಿಹಾಕುವಂಥದ್ದಲ್ಲ. ಈ ಕಥೆಯ ಅಂತ್ಯವೂ ಎಲ್ಲರಿಗೆ ಗೊತ್ತು. ಯೋಧ ಅರಗಾರ್ನ್ ಗೊಲ್ಲಮ್‌ನನ್ನು ಹಿಡಿಯುತ್ತಾನೆ, ಎಲ್ಫ್‌ಗಳ ಸೆರೆಯಿಂದ ಗೊಲ್ಲಮ್ ತಪ್ಪಿಸಿಕೊಳ್ಳುತ್ತಾನೆ.

ನನಗೆ ಬೇಕಾದದ್ದು ನಡುವಿನ ನಡಿಗೆ. ಟೋಲ್ಕಿನ್ ನಿಧನದ ನಂತರ ಪ್ರಕಟವಾದ ಟಿಪ್ಪಣಿಗಳಲ್ಲಿ ಅದರ ಲೆಕ್ಕವಿದೆ: ಸತ್ತವರ ಜೌಗಿನ ಬಳಿ ಸೆರೆಸಿಕ್ಕ ಗೊಲ್ಲಮ್‌ನನ್ನು ಅರಗಾರ್ನ್ ಸುಮಾರು 900 ಮೈಲಿ, 50 ದಿನ ನಡೆಸಿಕೊಂಡು ಉತ್ತರದ ಕಾಡಿಗೆ ಒಯ್ದ. ಒಬ್ಬ ಮುಂದೆ ರಾಜನಾಗಬೇಕಾದವನು, ಇನ್ನೊಬ್ಬ ಉಂಗುರಕ್ಕಾಗಿ ಗೆಳೆಯನನ್ನೇ ಕೊಂದವನು. ನಡುವೆ ಒಂದು ಹಗ್ಗ. ಕೈದಿ ಮಾತಾಡುವುದಿಲ್ಲ, ಕಚ್ಚುತ್ತಾನೆ. ಹಿಡಿದವನು ಅವನನ್ನು ಹಸಿವಿನಿಂದ ಪಳಗಿಸುತ್ತಾನೆ. ತನ್ನ ಇಡೀ ಪಯಣದ ಅತಿ ಕೆಟ್ಟ ಭಾಗ ಇದೇ ಎಂದು ಅರಗಾರ್ನ್ ಆಮೇಲೆ ಎಲ್ರಾಂಡ್‌ನ ಸಭೆಯಲ್ಲಿ ಹೇಳಿಕೊಳ್ಳುತ್ತಾನೆ. ಪುಸ್ತಕ ಅದಕ್ಕಿಂತ ಹೆಚ್ಚು ಬಿಡಿಸುವುದಿಲ್ಲ. ಆ 50 ದಿನಗಳಲ್ಲಿ ಅರಗಾರ್ನ್‌ಗೆ ಈ ಜೀವದ ಮೇಲೆ ಹುಟ್ಟಿದ್ದು ಅಸಹ್ಯವೊಂದೇ ಆಗಿತ್ತೇ, ಕನಿಕರವೂ ಇತ್ತೇ ಎಂಬುದನ್ನು ಸರ್ಕಿಸ್ ಯಾವ ಕಡೆಗೆ ತೂಗುತ್ತಾರೆ ಎಂದು ನೋಡಲು ನಾನು 2027ರವರೆಗೂ ಕಾಯಲು ತಯಾರಿದ್ದೇನೆ.